ಗದ್ದುಗೆಯ ಪಕ್ಕದ ಮೀನುಹೊಂಡ

ಮೀನು ಮುಟ್ಟದ ಮನೆಯಲ್ಲಿ ಮೀನು ಸಾಕಿದವರು ನಮ್ಮ ಮಾವ. ನನ್ನ ತವರು ತಗಡೂರು. ಮದುವೆಯಾಗಿ ಹುಲ್ಲಹಳ್ಳಿ ಹತ್ತಿರದ ಈ ಮನೆಗೆ ಬಂದ ಹೊಸದರಲ್ಲಿ, ಕೊರಳಲ್ಲಿ ಲಿಂಗ ಕಟ್ಟಿದ ಹಿರಿಯರೊಬ್ಬರು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಮೀನಿಗೆ ತೌಡು, ಕಡಲೆಕಾಯಿ ಹಿಂಡಿ ಕಲಸಲು ಕೂರುವುದನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕಿದ್ದೆ. ಊರವರೂ ಆಡಿಕೊಳ್ಳುತ್ತಿದ್ದರು. ಮಾವ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾಲೆ ನೀರು ಬಸಿದು ಜವುಳು ಹಿಡಿದ ಗದ್ದೆ ಅದು, ಕಬ್ಬು ಹಾಕಿದರೂ ಕೊಳೆಯುತ್ತಿತ್ತು, ಭತ್ತ ಹಾಕಿದರೂ ಕೊಳೆಯುತ್ತಿತ್ತು. ಅಗೆಸಿ ಹೊಂಡ ಮಾಡಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟರು. ವರ್ಷಕ್ಕೊಮ್ಮೆ ತಿರುಮಕೂಡಲಿನ ಕಡೆಯ ಬಲೆಯವರು ಬಂದು ಹಿಡಿದುಕೊಂಡು ಹೋಗುತ್ತಿದ್ದರು. ಆ ದಿನ ಮಾತ್ರ ಮಾವ ಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಒಂದು ಕಾರ್ತಿಕ ಮಾಸದಲ್ಲಿ ಮಾವ ತೀರಿಕೊಂಡರು. ನಮ್ಮವರಲ್ಲಿ ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡುತ್ತೇವೆ, ಅದೂ ಸ್ವಂತ ಜಮೀನಿನಲ್ಲಿ. ಮಾವ ಮೊದಲೇ ಹೇಳಿಟ್ಟಿದ್ದ ಜಾಗ ಹೊಂಡದ ಏರಿ. ನಾಲೆ ನೀರು ಹೊಂಡಕ್ಕೆ ಬೀಳುವ ತೂಬಿನ ಪಕ್ಕದಲ್ಲೇ ಗದ್ದುಗೆ ಕಟ್ಟಿದೆವು.

ಅದಾಗಿ ಸ್ವಲ್ಪ ದಿನಕ್ಕೆ, ಬೆಳಗಿನ ಜಾವ ಅತ್ತೆಯ ಜೊತೆ ಗದ್ದುಗೆಗೆ ಹಾಲು ಎರೆಯಲು ಹೋದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನೀರು ಕಾಣುವ ಮೊದಲು ಸದ್ದು ಕೇಳಿಸಿತು. ಪಚ್, ಪಚ್. ಎಳೆಮಗು ಹಾಲು ಕುಡಿಯುವಾಗ ಆಗುತ್ತದಲ್ಲ, ಹಾಗೆ. ಹತ್ತಿರ ಹೋದರೆ ಹೊಂಡದ ಆ ಮೂಲೆ ತುಂಬ ಬಾಯಿಗಳು. ಮೈ ಕಾಣದು, ಬಾಲ ಕಾಣದು, ಬರೀ ಬಿಳಿಚಿದ ಬಾಯಿಗಳು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದವು. ತಳದ ಕೆಸರು ಬಿಟ್ಟು ಏಳದ ಮೃಗಾಲ್ ಕೂಡ ಮೇಲೆ ಬಂದಿದ್ದವು. ಎಲ್ಲವೂ ಗದ್ದುಗೆಯ ಕಡೆಗೇ ಮುಖ ಮಾಡಿದ್ದವು.

ಅತ್ತೆ ಹಾಲಿನ ಚೊಂಬು ಹಿಡಿದೇ ನೀರಿನತ್ತ ಬಗ್ಗಿದರು. "ನೋಡವ್ವ, ಯಜಮಾನ್ರನ್ನ ಕೇಳ್ತಾವೆ. ಅಸ್ಕೊಂಡು ಎಂಗೆ ಬಾಯ್ ಬುಡ್ತಾವೆ ನೋಡು" ಎಂದು ಚೊಂಬನ್ನು ಅಲ್ಲೇ ಇಟ್ಟು ತೌಡು ತರಲು ಮನೆಗೆ ಓಡಿದರು.

ಅಂದಿನಿಂದ ಮೀನಿನ ಹೊಟ್ಟೆ ಅತ್ತೆಯ ಪಾಲಿಗೆ ಬಂತು. ಮಾವ ತೂತು ಮಾಡಿದ ಗೋಣಿಚೀಲದಲ್ಲಿ ಮೇವು ಕಟ್ಟಿ ನೀರಲ್ಲಿ ಇಳಿಬಿಟ್ಟು, ಮಾರನೆಯ ದಿನ ಚೀಲದಲ್ಲಿ ಉಳಿದಿದ್ದರೆ ಅಷ್ಟು ಕಡಿಮೆ ಮಾಡುತ್ತಿದ್ದರು. ಅತ್ತೆಗೆ ಆ ಲೆಕ್ಕಾಚಾರವೆಲ್ಲ ಬೇಡ. ಮೊರದಲ್ಲಿ ತಂದು ಸುರಿಯುವುದೇ. ಮಾವನ ಶಿವಗಣಾರಾಧನೆಗೆ ನೆಂಟರು ತಂದ ಹೋಳಿಗೆ, ಅನ್ನ, ಗದ್ದುಗೆಗೆ ಇಟ್ಟ ಎಡೆ ಎಲ್ಲವೂ ಹೊಂಡಕ್ಕೇ ಹೋಯಿತು. ಹಾಕಿದಷ್ಟೂ ಬಾಯಿಗಳು ಹೆಚ್ಚಾದವು. ಬಾಯಿ ಹೆಚ್ಚಾದಷ್ಟೂ ಅತ್ತೆ ಹಾಕಿದರು. ಬಲೆಯವರು ಬಂದರೆ ಬಾಗಿಲಲ್ಲೇ ತಡೆದರು. "ಅವ್ರು ಕುಂತಿರೋ ಜಾಗದಲ್ಲಿ ಬಲೆ ಬುಟ್ಟೀರಾ? ವರ್ಸ ತುಂಬೋಗಂಟ ಒಂದ್ ಮೀನೂ ಮುಟ್ಟಂಗಿಲ್ಲ." ನನ್ನ ಗಂಡ ಎದುರು ಮಾತಾಡುವವರಲ್ಲ. ನಾನು ಆಡುವವಳೇ, ಆದರೆ ಅತ್ತೆಯ ಮುಖ ನೋಡಿ ಬಲೆಯವರನ್ನು ನಾನೇ ಹಿಂದಕ್ಕೆ ಕಳಿಸಿದೆ. ಗಂಡನಿಗಾಗಿ ಮಾಡಲು ಆಕೆಗೆ ಉಳಿದಿದ್ದು ಅದೊಂದೇ ಕೆಲಸ.

ಮೋಡ ಮುಸುಕಿದ ದಿನಗಳು ಬಂದವು. ನೀರು ಕಡುಹಸಿರಾಗಿ ನಾರತೊಡಗಿತು. ಒಂದು ಬೆಳಿಗ್ಗೆ ಒಬ್ಬಳೇ ಏರಿಯ ಮೇಲೆ ಹೋದೆ. ನೆರಳು ಬಿದ್ದರೆ ಸಾಕು, ಮೀನು ಸರ್ರನೆ ತಳಕ್ಕೆ ಇಳಿಯಬೇಕು. ಇವು ಕದಲಲಿಲ್ಲ. ಬಗ್ಗಿ ನೀರಿಗೆ ಕೈಯಿಟ್ಟೆ. ತಣ್ಣನೆಯ ಬಾಯೊಂದು ನನ್ನ ಬೆರಳನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯಿತು. ಅದರ ಪಕ್ಕೆಯಲ್ಲಿ ಕೆಂಪು ಹುಣ್ಣು, ಒಳಗಿನ ಮಾಂಸ ಕಾಣುತ್ತಿತ್ತು. ನಾನು ಹೆದರುಪುಕ್ಕಲಿಯಲ್ಲ. ಅಂದು ಮಾತ್ರ ಹಿಂದಕ್ಕೆ ತಿರುಗಿ ಗದ್ದುಗೆಯನ್ನು ನೋಡುವ ಧೈರ್ಯ ಬರಲಿಲ್ಲ. ಪಕ್ಕದ ಗದ್ದೆಗೆ ಕಳೆ ಕೀಳಲು ಬರುತ್ತಿದ್ದ ಹೆಂಗಸರು, ಮುದುಕಪ್ಪ ನೀರೊಳಗಿಂದ ಕರೀತಾನೆ ಎಂದು ಆ ಕಡೆ ಬರುವುದನ್ನೇ ಬಿಟ್ಟರು.

ಹುಣ್ಣಿನ ಮೀನೊಂದನ್ನು ಮುಚ್ಚಳದ ಬಕೆಟ್ಟಿಗೆ ಹಾಕಿಕೊಂಡು ನಂಜನಗೂಡಿನ ಬಸ್ಸು ಹತ್ತಿದೆ. ವಿಭೂತಿ ಹಚ್ಚಿದ ಹೆಂಗಸಿನ ಬಕೆಟ್ಟಿನಿಂದ ಮೀನಿನ ವಾಸನೆ ಬರುವುದನ್ನು ಕಂಡು ಬಸ್ಸಿನವರೆಲ್ಲ ಮೂಗು ಮುರಿದರು. ಮುರಿದುಕೊಳ್ಳಲಿ, ಸೀಟಾದರೂ ಸಿಕ್ಕಿತು. ಅಲ್ಲಿನ ಮೀನುಗಾರಿಕೆ ಆಫೀಸಿನ ಸಾಹೇಬರು ಬಕೆಟ್ಟಿಗೆ ಇಣುಕಿ, ನಾನು ಹೇಳಿದ್ದೆಲ್ಲ ಕೇಳಿ, ಮರುದಿನ ಬೆಳಕು ಹರಿಯುವ ಹೊತ್ತಿಗೆ ಮೊಪೆಡ್ಡಿನಲ್ಲಿ ಬಂದರು. ಅತ್ತೆ ಆಗಲೇ ಮೊರ ಹಿಡಿದು ನಿಂತಿದ್ದರು.

"ಹಾಕಬೇಡಿ ಅಮ್ಮ" ಎಂದರು ಸಾಹೇಬರು. "ಇವಕ್ಕೆ ಹೊಟ್ಟೆ ತುಂಬಿದೆ. ಉಸಿರು ಕಟ್ಟಿದೆ."

"ಬಾಯ್ ಬುಡೋದು ಅಸಿವಿಗಲ್ವಾ, ಸಾ?"

"ಅಲ್ಲ. ಗಾಳಿಗೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೀತಾ ನೀರಲ್ಲಿರೋ ಗಾಳಿನೆಲ್ಲ ಎಳ್ಕೊಳ್ಳತ್ತೆ. ಮಂಜು ಮೋಡಕ್ಕೆ ಬಿಸಿಲೂ ಇಲ್ಲ, ಮೀನೂ ಜಾಸ್ತಿ. ಬೆಳಗಿನ ಜಾವಕ್ಕೆ ಏನೂ ಉಳಿದಿರಲ್ಲ. ತೂಬಿನ ಹತ್ರ ಹೊಸ ನೀರು ಬೀಳತ್ತಲ್ಲ, ಅದಕ್ಕೇ ಇಲ್ಲಿ ಗುಂಪು ಕಟ್ಟಿವೆ. ಸೋತ ಮೈಗೆ ಹುಣ್ಣೂ ಬೇಗ ಬರತ್ತೆ. ನೀವು ಹಸಿವು ಅಂತ ಹಾಕಿದಷ್ಟೂ ಅವಕ್ಕೆ ಉಸಿರು ಕಟ್ಟತ್ತೆ."

ಅತ್ತೆ ಜಗಳ ಕಾಯುತ್ತಾರೆಂದು ನಾನು ಸೆರಗು ಬಿಗಿದು ನಿಂತಿದ್ದೆ. ಅವರು ಮೊರವನ್ನು ಮೆಲ್ಲಗೆ ಏರಿಯ ಮೇಲೆ ಇಟ್ಟರು. "ಬಲೆಯವ್ರಿಗೆ ಯೋಳ್ಕಳ್ಸು. ಅರ್ಧ ಇಡ್ಕೊಂಡ್ ಓಗ್ಲಿ" ಎಂದರು, ಅಷ್ಟೇ.

ಸಾಹೇಬರು ಕೊಳೆತ ತಳಕ್ಕೆ ಎಷ್ಟು ಸುಣ್ಣ ಹಾಕಬೇಕೆಂದು ಹೇಳಿ ಹೋದರು. ನನ್ನ ಗಂಡ ಡೀಸೆಲ್ ಇಂಜಿನ್ ತಂದು ಹೊಂಡದ ನೀರನ್ನೇ ಎತ್ತಿ ಗಾಳಿ ಬೆರೆಯಲೆಂದು ಮೇಲಕ್ಕೆ ಹಾರಿಸುವಂತೆ ಪೈಪು ಕಟ್ಟಿ, ಬಲೆಯವರಿಗೆ ಹೇಳಲು ಹೊರಟರು. ನೀರು ಹಾರಿ ಹಾರಿ ಬೀಳುತ್ತಿದ್ದಂತೆ ಒಂದೊಂದೇ ಬಾಯಿ ಮುಚ್ಚಿಕೊಂಡು ಒಳಕ್ಕೆ ಇಳಿಯಿತು. ಬಿಸಿಲು ಬರುವ ಹೊತ್ತಿಗೆ ಹೊಂಡ ಬರಿದಾಗಿ ಕಂಡಿತು. ನನಗೆ ಕುಣಿದಾಡುವಷ್ಟು ಸಂತೋಷ. ತೋರಿಸೋಣವೆಂದು ತಿರುಗಿದರೆ ಅತ್ತೆ ಗದ್ದುಗೆಯ ಬುಡದಲ್ಲಿ ಕೂತು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು.

"ಕಡೇ ದಿನ ಅವ್ರೂ ಇಂಗೇ ಬಾಯ್ ಬುಡ್ತಿದ್ರು ಕಣವ್ವ" ಎಂದರು. "ಅಸಿವು ಅನ್ಕೊಂಡು ನಾನು ಗಂಜಿ ಉಯ್ತಾನೇ ಇದ್ದೆ."

ಇಲ್ಲ ಅತ್ತೆ, ಅದು ಬೇರೆ ಇದು ಬೇರೆ ಎನ್ನಬೇಕೆಂದುಕೊಂಡೆ. ಬೇರೆ ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಡೀಸೆಲ್ ಮುಗಿದು ಇಂಜಿನ್ ನಿಂತುಹೋಯಿತು.

"ನಿಲ್ಲಿಸ್ಬ್ಯಾಡ ಕಣವ್ವ" ಎಂದರು ಅತ್ತೆ, ಕೈಯಿಂದ ಕಣ್ಣು ತೆಗೆಯದೆ. "ಇನ್ನೊಂಚೂರು ಗಾಳಿ ಓಗ್ಲಿ."

ನೀರಿನ ಮೇಲೆ ಒಂದು ಮೀನೂ ಇರಲಿಲ್ಲ. ನಾನು ಕ್ಯಾನಿನಲ್ಲಿದ್ದ ಡೀಸೆಲ್ಲನ್ನೆಲ್ಲ ಸುರಿದು ಇಂಜಿನ್ನಿನ ಹಿಡಿ ತಿರುಗಿಸಿದೆ.