ಸುಖಾಗಮನ ಬಯಸುವವರು

ಮೊನ್ನೆ ಕೈಗೆ ಬಂದ ಮದುವೆ ಕಾಗದದ ನಾಲ್ಕು ಮೂಲೆಗೂ ಅರಸಿನ ಹಚ್ಚಿತ್ತು. ಅರಸಿನಕ್ಕೆ ಹೊಸ ಶಾಯಿ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಭಾಗಮಂಡಲದ ಪ್ರೆಸ್ಸಿನಣ್ಣ ಎದುರಿಗೆ ಬಂದು ನಿಂತಂತಾಯಿತು... ಮದುವೆ ಅವರ ಮಗಳದ್ದೇ. ಕಾಗದ ತಂದವರು ಅವರ ಹೆಂಡತಿ. ಅಣ್ಣ ತೀರಿಹೋಗಿ ಎರಡು ಮಳೆಗಾಲ ಕಳೆದಿದೆ. ಆಕೆಯನ್ನು ಕೂರಿಸಿ ಕಾಫಿಗೆ ನೀರಿಟ್ಟೆ.

ನಮ್ಮ ಸುತ್ತಿನ ಮದುವೆ ಕಾಗದಗಳೆಲ್ಲ ಅವರ ಅಂಗಡಿಯಲ್ಲೇ ಅಚ್ಚಾಗುತ್ತಿದ್ದವು. ಜನ ಫೋನಿನಲ್ಲೇ ಕರೆಯಲು ಶುರುಮಾಡಿದ ಮೇಲೆ ಅವರು ಕಂಪ್ಯೂಟರಿಗೆ ವೆಬ್‌ಸೈಟ್ ಮಾಡುವ ಸಾಫ್ಟ್‌ವೇರ್ ಹಾಕಿಸಿಕೊಂಡರು. "ಕೋಡಿಂಗ್ ಗೀಡಿಂಗ್ ಎಂತದೂ ಬೇಡ ಅಕ್ಕ, ಮೌಸಲ್ಲಿ ಎಳೆದು ಇಟ್ರೆ ಆಯ್ತು" ಎನ್ನುತ್ತಿದ್ದರು. ವೆಬ್‌ಸೈಟಿಗೆ ಅವರ ಮೊದಲ ಗಿರಾಕಿ ನಾನು.

ಗಂಡ ತೀರಿಕೊಂಡ ಮರುವರ್ಷ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೆ. ನಾಲ್ಕು ಜನ ಬಂದರೆ ನನ್ನ ಕಾಲ ಮೇಲೆ ನಿಲ್ಲಬಹುದು. ಇಲ್ಲವಾದರೆ ಮನೆ ಬಿಟ್ಟು ಭಾವನ ಮನೆಯ ಹಿಂದಿನ ಕೋಣೆ ಸೇರಬೇಕು.

ಅಣ್ಣ ಮಾಡಿದ ವೆಬ್‌ಸೈಟ್ ನೋಡಿ ನಗು ತಡೆಯಲಾಗಲಿಲ್ಲ. ಮೇಲೆ ಗಣಪತಿ, ಎರಡೂ ಬದಿ ಬಾಳೆಗಿಡ, ಮಾವಿನೆಲೆಯ ತೋರಣ. ನನ್ನ ಕೋಣೆಗಳ ಫೋಟೋ ಪಾಪ, ಕರೆಯದೆ ಬಂದ ನೆಂಟರ ಹಾಗೆ ಒಂದು ಮೂಲೆಯಲ್ಲಿತ್ತು.

"ಅಣ್ಣಾ, ಇದೆಂತ, ಹೋಂಸ್ಟೇನಾ, ಮದುವೆಯಾ?"

"ನೆಂಟರನ್ನು ಕರೆಯೋದು ಹಿಂಗೇ ಅಲ್ವ ಅಕ್ಕ?" ಅವರಿಗೆ ನಗು ಬರಲಿಲ್ಲ.

ಕೆಳಗೆ, ಮದುವೆ ಕಾಗದದಲ್ಲಿ ಇರುವಂತೆಯೇ, 'ಸುಖಾಗಮನ ಬಯಸುವವರು' ಎಂಬ ಸಾಲಿತ್ತು. ಗಂಡ ಇಲ್ಲದವಳ ಹೆಸರನ್ನು ಆ ಸಾಲಿನಲ್ಲಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ತನ್ನ ಹೆಸರೇ ಇರಲಿ ಎಂದು ಭಾವ ಮೊದಲೇ ಹೇಳಿ ಕಳಿಸಿದ್ದರು. ನಾನೂ ಹಾಗೇ ಹೇಳಿದೆ. ಅಣ್ಣ ಟೈಪ್ ಮಾಡಿದರು. ಆಮೇಲೆ ಯಾಕೋ ಕೈ ನಿಲ್ಲಿಸಿದರು.

"ಬಂದವರಿಗೆ ಬಾಗಿಲು ತೆಗೆಯೋದು ಯಾರು?"

"ನಾನೇ."

"ಊಟ ಬಡಿಸೋದು?"

"ನಾನೇ ಅಲ್ವ ಅಣ್ಣ..."

"ಹಂಗಾದ್ರೆ ಕರೆಯೋದೂ ನೀವೇ."

ಭಾವನ ಹೆಸರು ಅಳಿಸಿ ನನ್ನದನ್ನು ಬರೆದರು. ಅಕ್ಷರ ದಪ್ಪ ಮಾಡಿ, ಮೌಸಿನಲ್ಲಿ ಎಳೆದು ಸರೀ ನಡುವೆ ಇಟ್ಟರು. ನನಗೆ ಅಳು ಬಂತು. ಗಂಡ ಹೋದ ಮೇಲೆ ನನ್ನ ಹೆಸರನ್ನು ನಾನೇ ಮರೆತಂತಿದ್ದೆ.

ಭಾವ ಆ ವರ್ಷವಿಡೀ ಮುಖ ಊದಿಸಿಕೊಂಡೇ ಇದ್ದರು. ಜನ ಮಾತ್ರ ಬಂದರು. ಬಾಳೆಗಿಡ ನೋಡಿ ನಗುತ್ತಲೇ ಬಂದರು, ಗೇಟಿನಲ್ಲೇ ನನ್ನ ಹೆಸರು ಹಿಡಿದು ಕೂಗಿದರು. ನಾನು ಮನೆ ಬಿಡಲಿಲ್ಲ.

ಕಾಫಿ ಕೊಟ್ಟು ಕಾಗದ ಬಿಡಿಸಿದೆ. ಸುಖಾಗಮನ ಬಯಸುವವರಲ್ಲಿ ಹುಡುಗಿಯ ದೊಡ್ಡಪ್ಪ ಇದ್ದರು, ಸೋದರಮಾವ ಇದ್ದರು. ತಾಯಿ ಇರಲಿಲ್ಲ.

"ನಿಮ್ಮ ಹೆಸರೆಲ್ಲಿ?"

"ಮಡಿಕೇರಿಲಿ ಮಾಡ್ಸಿದ್ದು ಅಕ್ಕ... ನಂದು ಹಾಕ್ಲಿಕ್ಕಿಲ್ಲ ಅಲ್ವ" ಎಂದು ಲೋಟದೊಳಗೆ ನೋಡಿದರು.

ಅಣ್ಣ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಅವರಿಲ್ಲ ಅಂತಲೇ ಈ ಹೆಸರೂ ಇಲ್ಲ. ಎಳೆದು ನಡುವೆ ಇಡುವ ಕೈ ಈಗ ಎಲ್ಲಿಂದ ತರಲಿ... ಕಾಗದ ಮಡಚಿ ಅವರ ಕೈಗೇ ವಾಪಸು ಕೊಟ್ಟೆ.

"ಇವರ್ಯಾರು ಕರೆದ್ರೂ ನಾನು ಬರೋದಿಲ್ಲ. ನೀವು ಕರೀರಿ."

ಅವರು ಲೋಟ ಕೆಳಗಿಟ್ಟರು. ಆಮೇಲೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಕಾಗದ ನೀಡಿದರು.

"ನನ್ನ ಮಗಳ ಮದುವೆ ಅಕ್ಕ. ನಾನು ಕರೀತಿದ್ದೇನೆ. ಬರ್ಬೇಕು."