ಸದ್ದಡಗಿದ ಕೋಣೆ

ಎಲ್ಲರೂ ಅವನನ್ನು ಫ್ಯಾನಣ್ಣ ಎಂದೇ ಕರೆಯುತ್ತಿದ್ದರು. ಸಾಲುಸಾಲು ಕಂಪ್ಯೂಟರುಗಳು ಹಗಲಿರುಳು ಬಿಸಿಯೇರುತ್ತಿದ್ದ ದೊಡ್ಡ ಕೋಣೆಯಲ್ಲಿ, ಅವುಗಳಿಗೆ ಗಾಳಿಯಾಡಿಸುವ ಫ್ಯಾನುಗಳ ಉಸ್ತುವಾರಿ ಅವನದು. ವಯಸ್ಸೆಲ್ಲ ಆ ಭೋರ್ಗರೆತದಲ್ಲೇ ಸವೆಯಿತು. ಕಿವಿಗೆ ಸಿಕ್ಕಿಸಿಕೊಳ್ಳಲು ಕೊಟ್ಟ ಬಿರಡೆಗಳು ಜೇಬಿನಲ್ಲೇ ಉಳಿದವು. ಮನೆಯಲ್ಲಿ ಅವನು ಬಾಯಿ ತೆರೆದರೆ ಬೀದಿಗೆಲ್ಲ ಕೇಳುತ್ತಿತ್ತು. "ನಾನೇನು ಹೊಳೆಯಾಚೆ ನಿಂತಿದೀನಾ?" ಎಂದು ಹೆಂಡತಿ ರೇಗುತ್ತಿದ್ದಳು.

ಒಮ್ಮೆ ಫ್ಯಾನುಗಳನ್ನೆಲ್ಲ ಕಿತ್ತು ಹೊರಹಾಕಿದರು. ಉದ್ದುದ್ದ ತೊಟ್ಟಿಗಳು ಬಂದವು. ಅವುಗಳ ತುಂಬ ತಿಳಿನೀರಿನಂತೆ ಕಾಣುವ, ಎಣ್ಣೆಯಂತೆ ಜಾರುವ ದ್ರವ. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಕಂಪ್ಯೂಟರುಗಳನ್ನು ಇಡಿಯಾಗಿ ಮುಳುಗಿಸಿದರೂ ಅವು ನಡೆಯುತ್ತಲೇ ಇರುತ್ತವೆ; ಕಾವನ್ನು ದ್ರವವೇ ಹೀರಿ ಹೊರಗೆ ಸಾಗಿಸುತ್ತದೆ. ಕೆಟ್ಟುಹೋದವನ್ನು ಮೇಲೆತ್ತಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ತೂಗುಹಾಕುವ ಕೆಲಸ ಫ್ಯಾನಣ್ಣನ ಪಾಲಿಗೆ ಬಂತು.

ಗದ್ದಲ ನಿಂತಮೇಲೆ ಜನ ಮೆಲುದನಿಯಲ್ಲಿ ಮಾತಾಡತೊಡಗಿದರು. ಮೊದಲು ಅಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ. ಅವನ ಕಿವುಡು ಆ ಸದ್ದಿನ ಮರೆಯಲ್ಲಿ ಬಚ್ಚಿಟ್ಟುಕೊಂಡಿತ್ತು. ಈಗ ಅವನಿಗೆ ಬರೀ ತುಟಿಗಳು ಕಾಣುತ್ತಿದ್ದವು. ಎಲ್ಲದಕ್ಕೂ ತಲೆಯಾಡಿಸಿ ನಗುವುದನ್ನು ಕಲಿತ. ಮನೆಯ ರೇಡಿಯೋ ಹಾಳಾಗಿದೆಯೆಂದು ರಿಪೇರಿಗೆ ಕೊಟ್ಟ; ಅಂಗಡಿಯವನು ಇದಕ್ಕೇನೂ ಆಗಿಲ್ಲವೆಂದು ಹಿಂದಿರುಗಿಸಿದ. ಅದನ್ನು ಅಟ್ಟಕ್ಕೇರಿಸಿ ಸುಮ್ಮನಾದ.

ಒಂದು ಮಧ್ಯಾಹ್ನ ಕೊಳವೆಯ ಜೋಡಣೆ ಸಡಿಲಗೊಂಡು ದ್ರವ ನೆಲಕ್ಕೆ ಹರಿಯಿತು. ಮೇಲ್ವಿಚಾರಕಿ ಬಾಗಿಲಿನಿಂದ ಕೂಗಿದಳು: "ಅಲ್ಲೇ ನಿಲ್ಲಿ, ನೆಲ ಜಾರತ್ತೆ." ಬೆನ್ನು ತಿರುಗಿಸಿದ್ದ ಅವನು ಹೆಜ್ಜೆಯಿಟ್ಟ. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಮೇಲ್ವಿಚಾರಕಿ ಬೇಸರದಿಂದ ಕೇಳಿದಳು. "ಅಷ್ಟು ಕೂಗಿದ್ನಲ್ಲ, ಯಾಕೆ ನಿಲ್ಲಲಿಲ್ಲ ನೀವು?"

ಅವನು ತಲೆಯಾಡಿಸಿ ನಕ್ಕ. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಆ ನಗು ನೋಡಿ ಅವನತ್ತ ಬಾಗಿದಳು. "ನಿಮಗೆ ಕೇಳ್ಸೋದೇ ಇಲ್ವಾ?" ಎಂದಳು. ಅದೂ ಅವನಿಗೆ ಮುಟ್ಟಲಿಲ್ಲ. ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿ ಮತ್ತೆ ಕೇಳಿದಳು. ಅವನ ನಗು ಇಳಿಯಿತು.

"ಹೇಳಿದ್ರೆ ಕೆಲಸ ಹೋಗತ್ತೆ ಅಂತ," ಎಂದ, ವಾರ್ಡಿಗೆಲ್ಲ ಕೇಳುವಂತೆ. ಮೇಲ್ವಿಚಾರಕಿ ತಲೆ ತಗ್ಗಿಸಿದಳು.

ಕೆಲಸ ಹೋಯಿತು. ಈಗ ಅವನು ಕಿಟಕಿಯ ಬಳಿಯ ಕುರ್ಚಿ ಬಿಟ್ಟು ಏಳುವುದು ಕಡಿಮೆ. ಹೆಂಡತಿ ಏನು ಹೇಳಬೇಕಾದರೂ ಒಲೆ ಆರಿಸಿ, ಕೈ ಒರೆಸಿಕೊಂಡು, ಅವನೆದುರು ಬಂದು ನಿಲ್ಲಬೇಕು. ಹಾಗಾಗಿ ಸಣ್ಣಪುಟ್ಟ ಮಾತುಗಳನ್ನು ಹೇಳುವುದನ್ನೇ ಬಿಟ್ಟಿದ್ದಾಳೆ.