ಗಂಟೆಯಣ್ಣನ ಎದುರುತೂಕ

ಊರಿನ ಲಿಫ್ಟ್‌ಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನನ್ನು ಜನ ಗಂಟೆಯಣ್ಣ ಅಂತ ಕರೆಯುತ್ತಿದ್ದರು. ಭಾರ ಹೆಚ್ಚಾದರೆ ಲಿಫ್ಟಿನಲ್ಲಿ ಗಂಟೆ ಬಡಿಯುತ್ತದಲ್ಲ, ಇವನು ಕಾಲಿಟ್ಟರೆ ಸಾಕು, ಅದು ಬಡಿಯುತ್ತಿತ್ತು. ಕೆಲವು ಹಳೆಯ ಲಿಫ್ಟ್‌ಗಳಂತೂ ಇವನಿನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಬಾಯಿ ಬಡಿದುಕೊಳ್ಳುತ್ತಿದ್ದವು. ಇವನ ಪ್ಯಾಂಟು ಒಣಹಾಕಿದ ದಿನ ಕೆಳಗಿನ ಮನೆಯವರು ಹಗಲಲ್ಲೇ ದೀಪ ಹಚ್ಚಬೇಕಾಗುತ್ತಿತ್ತು. "ನಾನು ದಪ್ಪ ಅಲ್ಲ ಕಣ್ರಯ್ಯ, ಆ ಗಂಟೆ ಪುಕ್ಕಲು," ಅನ್ನುವುದು ಅವನ ಖಾಯಂ ಉತ್ತರ.

ಕೈ ಮಾತ್ರ ಗಡಿಯಾರದವನ ಕೈಯಷ್ಟು ನಾಜೂಕು. ಮನೆಗೆ ಬಂದ ನೆಂಟರಿಗೆಲ್ಲ ಅವನದು ಒಂದೇ ಕಥೆ: "ಲಿಫ್ಟನ್ನ ಮೋಟಾರು ಒಂದೇ ಎತ್ತುತ್ತೆ ಅಂದ್ಕೊಂಡಿದ್ದೀರಿ. ಹಗ್ಗದ ಇನ್ನೊಂದು ತುದೀಲಿ, ಗೋಡೆ ಹಿಂದೆ, ಕಬ್ಬಿಣದ ಎದುರುತೂಕ ನೇತಾಡ್ತಿರುತ್ತೆ. ಹೊರೋದೆಲ್ಲ ಅದು, ಹೆಸರು ಮೋಟಾರಿಗೆ!" ಹೆಂಡತಿ ಇದನ್ನು ನಿದ್ದೆಯಲ್ಲೂ ಒಪ್ಪಿಸಬಲ್ಲವಳಾಗಿದ್ದಳು.

ಒಂದು ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅವನ ಬಲಗೈಯಿಂದ ಚಮಚ ಜಾರಿತು. ಅದಕ್ಕೊಂದು ತಮಾಷೆ ಕಟ್ಟಲು ಹೊರಟರೆ ನಾಲಿಗೆ ಇನ್ಯಾರದೋ ಬೂಟು ಹಾಕಿಕೊಂಡಂತೆ ಎಡವಿತು. ಹೆಂಡತಿ ಮೊದಲು ನಕ್ಕಳು. ಆಮೇಲೆ ಅವನ ಬಾಯಿಯ ಮೂಲೆ ಸೊಟ್ಟಗಾಗಿದ್ದು ಕಂಡಿತು. ಬರಿಗಾಲಲ್ಲೇ ಓಡಿಹೋಗಿ ಪಕ್ಕದ ಮನೆಯವರ ಕಾರು ತರಿಸಿ, ಗಂಡನನ್ನು ಅದರೊಳಗೆ ತುರುಕಿದಳು. ಅರ್ಧ ದಾರಿಯಲ್ಲಿ ಅವನ ಮಾತು ತಾನಾಗಿಯೇ ಸರಿಹೋಯಿತು.

"ಕಾರು ತಿರುಗ್ಸಿ, ನಂಗೇನೂ ಆಗಿಲ್ಲ."

"ಬಾಯ್ಮುಚ್ಚಿ ಕೂತ್ಕೊಳ್ರೀ!"

ಆಸ್ಪತ್ರೆಯ ಡಾಕ್ಟರಮ್ಮ ಮಗಳ ವಯಸ್ಸಿನವರು. "ಮೆದುಳಿಗೆ ಹೋಗೋ ರಕ್ತ ಒಂದು ಗಳಿಗೆ ತಡೆದು, ಮತ್ತೆ ಹರಿದಿದೆ. ಇಷ್ಟು ಮೈ ಹೊತ್ತು ರಕ್ತದೊತ್ತಡ ಏರಿಬಿಟ್ಟಿದೆ, ಹೃದಯಾನೂ ಸುಸ್ತಾಗಿದೆ. ಮುಂದಿನ ಸಲ ಈ ಕೈ ವಾಪಸ್ ಬರದೇ ಇರಬಹುದು. ಒತ್ತಡ ಹತೋಟಿಗೆ ಬರೋವರೆಗೆ ಲಿಫ್ಟ್ ಓಡಾಡೋ ಬಾವಿಗೆ ಇಳಿದು ಕೆಲಸ ಮಾಡೋ ಹಾಗಿಲ್ಲ."

ಕೈ ಅಂದದ್ದೇ ತಡ, ಗಂಟೆಯಣ್ಣ ಬೆವೆತುಹೋದ. ಆ ಕೈ ಇಲ್ಲದಿದ್ದರೆ ಅವನೆಲ್ಲಿ, ಲಿಫ್ಟೆಲ್ಲಿ?

ಅಂದಿನಿಂದ ಮಾತ್ರೆ ನುಂಗಿದ, ನಡೆದ, ಅರ್ಧ ತಟ್ಟೆ ಉಂಡ. ಗಿರಾಕಿ ಯಾಕೆ ಕಾಣುತ್ತಿಲ್ಲ ಅಂತ ಬೇಕರಿಯವನು ವಿಚಾರಿಸಿಕೊಂಡು ಹೋಗಲು ಮನೆಗೇ ಬಂದ. ಮೈ ಇಳಿಯುತ್ತ ಬಂತು. ಹೊಟ್ಟೆಯಾಚೆ ಕಾಲ್ಬೆರಳು ಕಂಡ ದಿನ, "ಅಯ್ಯೋ, ಇನ್ನೂ ಇದ್ದೀರೇನ್ರಪ್ಪ!" ಅಂತ ಮಾತಾಡಿಸಿದ. ಒತ್ತಡವೂ ಇಳಿಯಿತು.

ಎಡವಟ್ಟು ಮಾಡಿಕೊಂಡದ್ದು ಅಲ್ಲೇ. ರಿಪೇರಿಯಾದ ಲಿಫ್ಟಿನಲ್ಲಿ ಸ್ಪ್ಯಾನರ್ ಬಿಟ್ಟು ಬರುವುದು ಅವನ ಕಸುಬಿನಲ್ಲಿ ಮಹಾಪರಾಧ. ಕೆಲಸ ಮುಗಿಯಿತೇ, ಸಾಮಾನು ಎತ್ತಿಡು. ಹಾಗೇ ಮಾತ್ರೆಗಳನ್ನೂ ಎತ್ತಿ ಸ್ಪ್ಯಾನರ್ ಪೆಟ್ಟಿಗೆಯಲ್ಲಿಟ್ಟ; ಯಾರಿಗೂ ಹೇಳಲಿಲ್ಲ.

ಕೆಲಸಕ್ಕೆ ಮರಳಲು ಒಪ್ಪಿಗೆ ಕೇಳಹೋದ ದಿನ ರಕ್ತದೊತ್ತಡ ಅಳೆಯುವ ಪಟ್ಟಿ ತೋಳನ್ನು ಹಿಂಡಿತು, ಡಾಕ್ಟರಮ್ಮನ ಹುಬ್ಬು ಮೇಲೇರಿತು. "ಮಾತ್ರೆ ತಗೊಳ್ತಿದ್ದೀರಾ?"

ಗಂಟೆಯಣ್ಣ ಫ್ಯಾನು ನೋಡಿದ. "ಎಲ್ಲ ಸರಿಹೋಗಿತ್ತಲ್ಲ ಡಾಕ್ಟ್ರೇ... ರಿಪೇರಿ ಆದ್ಮೇಲೂ ಸ್ಪ್ಯಾನರ್ ಯಾಕೆ ಅಂತ..."

ಡಾಕ್ಟರಮ್ಮ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಡತಿ ಸಿಡಿದಳು. "ಅದು ಸ್ಪ್ಯಾನರ್ ಅಲ್ರೀ, ಎದುರುತೂಕ! ಬಂದೋರಿಗೆಲ್ಲ ಹೇಳಿ ನನ್ನ ಕಿವಿ ತೂತು ಮಾಡಿದ್ರಲ್ಲ? ಲಿಫ್ಟ್ ಸಲೀಸಾಗಿ ಓಡ್ತಿದೆ ಅಂತ ಗೋಡೆ ಹಿಂದಿನ ಕಬ್ಬಿಣ ಬಿಚ್ಚಿ ಗುಜರಿಗೆ ಹಾಕ್ತೀರಾ?"

"ಗುಜರಿಗೆ ಹಾಕಿಲ್ಲ ಕಣೇ, ಪೆಟ್ಟಿಗೇಲೇ ಇದೆ," ಅಂತ ಗಂಟೆಯಣ್ಣ ಗೊಣಗಿದ.

"ಇದನ್ನ ನಾನು ಉಳಿದವರಿಗೂ ಹೇಳ್ತೀನಮ್ಮ," ಅಂತ ಡಾಕ್ಟರಮ್ಮ ನಕ್ಕರು. "ತೂಕ ಇಳಿಸಿದ್ದು ದಂಡ ಆಗಿಲ್ಲ ಯಜಮಾನ್ರೇ, ಹೃದಯದ ಹೊರೆ ಹಗುರಾಗಿದೆ. ಮುಂದೆ ಮಾತ್ರೆ ಕಡಿಮೆ ಆದ್ರೂ ಆಗಬಹುದು. ಆದರೆ ಕಡಿಮೆ ಮಾಡೋಳು ನಾನು. ಈಗ ಮತ್ತೆ ಶುರು ಮಾಡಿ, ಕೆಲಸದ ಮಾತು ಆಮೇಲೆ."

ಒತ್ತಡ ಮತ್ತೆ ಹತೋಟಿಗೆ ಬಂದ ಮೇಲೆಯೇ ಒಪ್ಪಿಗೆ ಸಿಕ್ಕಿತು. ಕೆಲಸಕ್ಕೆ ಮರಳಿದ ಮೊದಲ ದಿನ ದೊಡ್ಡ ಕಚೇರಿಯೊಂದರ ಲಿಫ್ಟಿಗೆ ಕೊನೆಯವನಾಗಿ ಹತ್ತಿದ. ಗಂಟೆ ಬಡಿಯಿತು. ಎಲ್ಲರೂ ರೂಢಿಯಂತೆ ಅವನನ್ನೇ ನೋಡಿದರು. ಅವನು ಕತ್ತು ಚಾಚಿ ನೋಡಿದ: ಹಿಂದುಗಡೆ ಇಬ್ಬರು ಕಬ್ಬಿಣದ ಬೀರು ಅಪ್ಪಿಕೊಂಡು ನಿಂತಿದ್ದರು.

"ನಾನಲ್ಲ! ಇವತ್ತು ನಾನಲ್ಲ!" ಅಂದದ್ದು ಆಚೆ ಬೀದಿಗೂ ಕೇಳಿಸಿತು.

ಆದರೂ ಅವನೇ ಇಳಿದು, ಪೆಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು ಮೆಟ್ಟಿಲು ಹತ್ತತೊಡಗಿದ. ಜೇಬಿನಲ್ಲಿ ಫೋನು ಕೂಗಿತು.

"ಬೆಳಗಿನ ಮಾತ್ರೆ ನುಂಗಿದ್ರಾ?"

"ನುಂಗ್ದೆ ಕಣೇ. ಗೋಡೆ ಹಿಂದೆ ನೇತಾಡ್ತಿದೆ."